ಐಸ್ ಫ್ಯಾಕ್ಟರಿಯಲ್ಲಿ ಉಟ್ಟು ನೋಡಿದ್ದು

ಅಪ್ಪ ಅಮ್ಮ ಇಬ್ಬರೂ ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗುವ ಮಾತು ಬಂದಾಗ ನಮ್ಮ ಮನೆಯಲ್ಲಿ ಉಣ್ಣೆಯದು ಅಂತ ಇದ್ದದ್ದು ಅಪ್ಪನ ಒಂದು ಮಫ್ಲರು ಮತ್ತು ಅಮ್ಮನ ಒಂದು ಶಾಲು. ಅಜ್ಜಿಯ ಕರಿ ಕಂಬಳಿಯನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ಅಜ್ಜಿಯ ಕಂಬಳಿ, ಅಷ್ಟೆ.

ಇದು ಐವತ್ತರ ದಶಕದ ಮಾತು. ರಾಜಾಜಿನಗರ ಆಗಿನ್ನೂ ಪೂರ್ತಿ ಊರಾಗಿರಲಿಲ್ಲ. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಾಗಿದ್ದವು. ಹಿತ್ತಲ ಬಾಗಿಲು ತೆಗೆದರೆ ರಾಗಿ ಹೊಲ, ಅದರಾಚೆ ಒಂದು ಫ್ಯಾಕ್ಟರಿಯ ಚಿಮಣಿ. ಅಪ್ಪ ಆ ಫ್ಯಾಕ್ಟರಿಯಲ್ಲಿ ಫೋರ್ಮನ್ ಆಗಿದ್ದರು. ಅಲ್ಲಿಗೆ ಸ್ಕಾಟ್ಲೆಂಡಿನಿಂದ ಹೊಸ ಯಂತ್ರಗಳು ಬರುವುದಿತ್ತು. ಅವನ್ನು ಬಿಚ್ಚಿ ಜೋಡಿಸುವುದನ್ನು ಅಲ್ಲಿಗೇ ಹೋಗಿ ಕಲಿತು ಬರಲು ಅಪ್ಪನನ್ನು ಆರಿಸಿದ್ದರು. ಕಲಿಯಲು ತಿಂಗಳುಗಟ್ಟಲೆ ಹಿಡಿಯುವುದರಿಂದ ಹೆಂಡತಿಯನ್ನೂ ಕರೆತರಬಹುದು ಎಂದು ಯಂತ್ರದ ಕಂಪನಿಯವರೇ ಹೇಳಿ ಕಳಿಸಿದರು.

ಅಪ್ಪ ಈ ವಿಷಯವನ್ನು ಊಟಕ್ಕೆ ಕೂತಾಗ ತಮಾಷೆಯ ಹಾಗೆ ಹೇಳಿದರು. "ನಿನ್ನನ್ನೂ ಕರೀತಿದಾರೆ ಕಣೇ, ಸೀಮೆಗೆ."

ಅಮ್ಮ ಸಾರು ಬಡಿಸುತ್ತಿದ್ದಳು. ಸೌಟು ನಿಲ್ಲಲಿಲ್ಲ. "ನಾನೂ ಬರ್ತೀನಿ" ಎಂದಳು.

ಅಮ್ಮ ಅದುವರೆಗೆ ತನಗೆ ಇಂಥದ್ದು ಬೇಕು ಎಂದು ಕೇಳಿದ್ದನ್ನು ನಾನು ನೋಡಿರಲಿಲ್ಲ. ಆಕೆ ಕಂಡ ಅತಿ ದೂರದ ಊರು ಮೈಸೂರು. ಕಂಡ ಅತಿ ದೊಡ್ಡ ನೀರು ತಿಪ್ಪಗೊಂಡನಹಳ್ಳಿಯ ಕೆರೆ. ಅಪ್ಪ ತುತ್ತು ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿದರು. ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ಅಂದರೆ ಅಪ್ಪನ ತಾಯಿ. ಲಗ್ಗೆರೆಯ ಹೊಲಗಳಲ್ಲಿ ಬೆಳೆದು ಅಲ್ಲಿಯೇ ಮದುವೆಯಾಗಿ, ಮುಪ್ಪಿನಲ್ಲಿ ನಮ್ಮ ಮನೆಗೆ ಬಂದವಳು. ಇಲ್ಲ ಅನ್ನುವುದಾದರೆ ಅವಳೇ ಅನ್ನಬೇಕಿತ್ತು.

"ಹೋಗ್ಲಿ ಬಿಡೋ" ಎಂದಳು ಅಜ್ಜಿ. "ನೀನೊಬ್ಬನೇ ಹೋದ್ರೆ ಅಲ್ಲಿ ಅನ್ನ ಯಾರು ಮಾಡಿಹಾಕ್ತಾರೆ? ಮನೆ ನಾನು ನೋಡ್ಕೋತೀನಿ. ಈ ಹುಡುಗಿ ಇದಾಳೆ, ಗಂಟೆ ಹೊಡೀತಾ ಕೂತಿರ್ತಾಳೆ."

ಹುಡುಗಿ ಎಂದರೆ ನಾನು, ಅವರಿಗೆ ಒಬ್ಬಳೇ ಮಗಳು. ಹೈಸ್ಕೂಲಿನ ವರ್ಷಗಳನ್ನೆಲ್ಲ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಕಳೆದು ಆಗ ತಾನೇ ಕಾಲೇಜು ಸೇರಿದ್ದೆ. ಅಲ್ಲಿ ಏಳುವುದಕ್ಕೆ ಒಂದು ಗಂಟೆ, ಹಾಸಿಗೆ ಮಡಿಸುವುದಕ್ಕೆ ಒಂದು ಗಂಟೆ, ಮಡಿಸಿದ್ದನ್ನು ವಾರ್ಡನ್ ಬಂದು ನೋಡುವುದಕ್ಕೆ ಇನ್ನೊಂದು ಗಂಟೆ. ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗಿನ ಬಟ್ಟೆಗಳ ಅಂಚುಗಳೆಲ್ಲ ಒಂದೇ ಗೆರೆಯಲ್ಲಿರಬೇಕು. ಇರದಿದ್ದರೆ ಮತ್ತೆ ಮಡಿಸಬೇಕು. ನನಗೆ ಈ ಶಿಸ್ತು ಇಷ್ಟವಾಗಿಬಿಟ್ಟಿತ್ತು, ಈಗಲೂ ಇದೆ. ಮನೆಗೆ ಬಂದ ಮೇಲೆ ಅಜ್ಜಿಯ ಎಲೆಯಡಿಕೆ ಚೀಲವನ್ನೂ ಜೋಡಿಸಿಟ್ಟಿದ್ದೆ. ಅದಕ್ಕೇ ಆ ಕುಟುಕು.

ಅಜ್ಜಿ ಒಪ್ಪಿದಳು. ಒಪ್ಪದೆ ಹೋದವರು ಡಾಕ್ಟರು.

ಅಮ್ಮನಿಗೆ ಉಬ್ಬಸವಿತ್ತು. ಮಾರ್ಗಶಿರ ಬಂದು ಹೊಲದ ಮೇಲೆ ಮಂಜು ಕೂತಿತೆಂದರೆ ಬೆಳಗಿನ ಹೊತ್ತು ಎದೆ ಸುಯ್ಯೆಂದು ಕೂಗುತ್ತಿತ್ತು. ಹಡಗು ಹತ್ತಬೇಕಾದರೆ ಆರೋಗ್ಯ ಸರಿಯಿದೆ ಎಂದು ಡಾಕ್ಟರು ಬರೆದುಕೊಡಬೇಕು. ನಮ್ಮ ಬಡಾವಣೆಯ ಡಾಕ್ಟರು ನಗುಮುಖದ ಮನುಷ್ಯ, ಸೈಕಲ್ ಮೇಲೆ ಮನೆಮನೆಗೆ ಬರುತ್ತಿದ್ದವರು. ಆ ದಿನ ಮಾತ್ರ ನಗಲಿಲ್ಲ.

"ರಾಜಾಜಿನಗರದ ಚಳಿಗೇ ಈ ಪಾಡು. ಅಲ್ಲಿ ಹೋಗಿ ಏನು ಮಾಡ್ತೀರಮ್ಮ? ಸಮುದ್ರದ ಮಧ್ಯ ಎದೆ ಕಟ್ಟಿಕೊಂಡ್ರೆ ನನ್ನ ಸೈಕಲ್ ಬರೋದಿಲ್ಲ."

"ಬೆಚ್ಚಗಿನ ಬಟ್ಟೆ ತಗೊಂಡು ಹೋಗ್ತೀವಿ" ಎಂದರು ಅಪ್ಪ.

"ಎಷ್ಟು ಬೆಚ್ಚಗೆ? ಸಾಕಾಗುತ್ತೆ ಅಂತ ಹೇಗೆ ಗೊತ್ತು?"

ಅಪ್ಪನಿಗೆ ಇದು ನ್ಯಾಯವಾದ ಪ್ರಶ್ನೆ ಅನ್ನಿಸಿತು. ಪರೀಕ್ಷೆ ಮಾಡದೆ ಒಂದು ಬೋಲ್ಟನ್ನೂ ಅವರು ತಮ್ಮ ಶೆಡ್ಡಿನಿಂದ ಆಚೆ ಬಿಟ್ಟವರಲ್ಲ. ಸ್ವಲ್ಪ ಹೊತ್ತು ಗಲ್ಲ ಉಜ್ಜಿಕೊಂಡು, "ಟೆಸ್ಟ್ ಮಾಡೋಣ" ಎಂದರು. ಮಾಗಡಿ ರಸ್ತೆಯ ಕಡೆ ಒಂದು ಐಸ್ ಫ್ಯಾಕ್ಟರಿಯಿತ್ತು. ಅಲ್ಲಿನ ಮೇಸ್ತ್ರಿ ಹಿಂದೆ ಅಪ್ಪನ ಕೈಕೆಳಗೆ ಕೆಲಸ ಕಲಿತವನು. ಐಸ್ ಗಡ್ಡೆಗಳನ್ನು ಜೋಡಿಸಿಡುವ ಕೋಣೆಯಲ್ಲಿ ಅಮ್ಮನನ್ನು ಪೂರ್ತಿ ಉಡುಪಿನಲ್ಲಿ ಕೂರಿಸುವುದು. ಎದೆ ಕೂಗದಿದ್ದರೆ ಡಾಕ್ಟರು ಬರೆದುಕೊಡುವುದು. ಕೂಗಿದರೆ ಅಪ್ಪ ಒಬ್ಬರೇ ಹೋಗುವುದು.

ಡಾಕ್ಟರು ಈಗ ನಕ್ಕರು. "ಆಯ್ತು. ನಾನೂ ಬರ್ತೀನಿ. ಐಸ್ ಫ್ಯಾಕ್ಟರಿ ಒಳಗಡೆ ನಾನೂ ನೋಡಿಲ್ಲ."

ಅಲ್ಲಿಂದ ನಮ್ಮ ಮನೆಯಲ್ಲಿ ಬಟ್ಟೆಯ ಕಾರಖಾನೆ ಶುರುವಾಯಿತು.

ಹಡಗಿನವರು ಕಳಿಸಿದ ಚಿಕ್ಕ ಪುಸ್ತಕದಲ್ಲಿ, ನೀವು ತಲುಪುವ ಹೊತ್ತಿಗೆ ಅಲ್ಲಿ ವಸಂತ ಋತು, ಹವೆ ಗಳಿಗೆಗೊಂದು ತರಹ ಬದಲಾಗುತ್ತದೆ, ಉಣ್ಣೆಯ ಉಡುಪು ಮತ್ತು ಮಳೆಯ ಹೊದಿಕೆ ಜೊತೆಗಿರಲಿ ಎಂದಿತ್ತು. ನಾನು ಇದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅಜ್ಜಿ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದಳು.

"ವಸಂತ ಅಂದ್ರೆ ಮಾವು ಚಿಗುರೋ ಕಾಲ. ಪಾನಕ ಕುಡಿಯೋ ಕಾಲ. ಅದಕ್ಯಾಕೆ ಉಣ್ಣೆ?"

"ಅಲ್ಲಿನ ವಸಂತ ಬೇರೆ ಅಜ್ಜಿ. ಚಳಿ ಇರುತ್ತೆ, ಮಳೆ ಬರುತ್ತೆ, ಆಮೇಲೆ ಬಿಸಿಲೂ ಬರುತ್ತೆ. ಎಲ್ಲ ಒಂದೇ ದಿನದಲ್ಲಿ."

"ಹಂಗಾದ್ರೆ ಅದಕ್ಕೆ ವಸಂತ ಅಂತ ಹೆಸರಿಟ್ಟೋರು ಯಾರೇ? ಬುದ್ಧಿ ನೆಟ್ಟಗಿಲ್ಲದ ಋತು ಅದು."

ಅಪ್ಪ ತಮ್ಮ ಡ್ರಾಯಿಂಗ್ ಹಾಳೆ ಹರಡಿ ಅಮ್ಮನ ಚಿತ್ರ ಬರೆದರು. ಮುಂದಿನಿಂದ ಒಂದು, ಪಕ್ಕದಿಂದ ಒಂದು. ಮೈಗೆ ತಾಗಿದ ಹಾಗೆ ಉಣ್ಣೆ ಬನಿಯನ್, ಅದರ ಮೇಲೆ ತುಂಬುತೋಳಿನ ಕುಪ್ಪಸ, ಮೇಲೆ ಸ್ವೆಟರ್, ಕೆಳಗೆ ಫ್ಲಾನೆಲ್ ಲಂಗ, ಸೀರೆ, ಶಾಲು, ಎಲ್ಲಕ್ಕೂ ಮೇಲೆ ಓವರ್‌ಕೋಟು. ಬಾಯ್ಲರಿಗೆ ಪದರಪದರವಾಗಿ ಬಟ್ಟೆ ಸುತ್ತುವುದಿಲ್ಲವೇ, ಹಾಗೆ. ಸಮುದ್ರದ ಗಾಳಿಗೆ ಸೀರೆಯ ನೆರಿಗೆ ಹಾರಬಾರದೆಂದು ಅಂಚಿನ ಒಳಗೆ ಹಿತ್ತಾಳೆಯ ವಾಷರುಗಳನ್ನು ಸೇರಿಸಿ ಹೊಲಿಯಬೇಕು ಎಂದೂ ತೋರಿಸಿದ್ದರು. ವಾಷರುಗಳನ್ನು ತಾವೇ ತಂದರು. ಹೊಲಿದ ಸೀರೆ ಉಟ್ಟು ಅಮ್ಮ ನಡೆದರೆ ಕಾಲಂದುಗೆಯ ಹಾಗೆ ಸಣ್ಣಗೆ ಸದ್ದಾಗುತ್ತಿತ್ತು.

ಸ್ವೆಟರ್ ನನ್ನ ಪಾಲಿಗೆ ಬಂತು. ಹಾಸ್ಟೆಲ್ಲಿನಲ್ಲಿ ಹೆಣಿಗೆ ಕಲಿತಿದ್ದೆ. ಬೆಳಿಗ್ಗೆ ಕಾಲೇಜಿಗೆ ಮುಂಚೆ ಇಷ್ಟು ಸಾಲು, ಸಂಜೆ ದೀಪ ಹಚ್ಚಿದ ಮೇಲೆ ಇಷ್ಟು ಸಾಲು ಎಂದು ಕಟ್ಟುನಿಟ್ಟು ಮಾಡಿಕೊಂಡು ಕೂತೆ. ತಲೆಯ ಮೇಲಿನಿಂದ ಹಾಕಿಕೊಳ್ಳುವ ಸ್ವೆಟರ್ ಅದು. ಕುತ್ತಿಗೆ ಬಿಗಿ, ಎಲ್ಲಿಂದಲೂ ಗಾಳಿ ನುಗ್ಗದ ಹಾಗೆ. ಒಂದು ಕುಣಿಕೆಯೂ ತಪ್ಪಿರಲಿಲ್ಲ.

ಓವರ್‌ಕೋಟನ್ನು ಅಪ್ಪ ಗುಜರಿಯಲ್ಲಿ ಹುಡುಕಿ ತಂದರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರ ಹಳೆಯ ಬಟ್ಟೆ ಗುಜರಿಯಲ್ಲಿ ರಾಶಿ ಬೀಳುತ್ತಿತ್ತು. ದಪ್ಪ ಉಣ್ಣೆಯ ಖಾಕಿ ಕೋಟು, ಯಾರೋ ಆರಡಿಯ ಸೋಲ್ಜರನದು. ಅಮ್ಮ ಹಾಕಿಕೊಂಡರೆ ನೆಲ ಗುಡಿಸುತ್ತಿತ್ತು. ಟೈಲರಿಗೆ ಕೊಟ್ಟು ಕತ್ತರಿಸೋಣ ಎಂದು ಅಪ್ಪ ಅದನ್ನು ಜಗಲಿಯ ಗೂಟಕ್ಕೆ ನೇತುಹಾಕಿ ಕೆಲಸಕ್ಕೆ ಹೋದರು.

ಅಜ್ಜಿಗೆ ಆ ಕೋಟನ್ನು ಕಂಡರೆ ಆಗಲಿಲ್ಲ. ಯಾರು ಹಾಕಿಕೊಂಡಿದ್ದನೋ, ಎಲ್ಲಿ ಸತ್ತನೋ, ಮೈಲಿಗೆಯ ಬಟ್ಟೆ ಒಳಗೆ ತರುವುದೆಂದರೇನು? ಅವತ್ತು ಎಣ್ಣೆಸ್ನಾನದ ದಿನ. ಬಚ್ಚಲೊಲೆ ಉರಿಯುತ್ತಿತ್ತು, ಹಂಡೆಯಲ್ಲಿ ನೀರು ಮರಳುತ್ತಿತ್ತು. ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಅಜ್ಜಿ ಕೋಟನ್ನು ಹಂಡೆಗೆ ಮುಳುಗಿಸಿ, ಸೀಗೆಪುಡಿ ಹಾಕಿ, ಸೌದೆಯಿಂದ ತಿರುವಿ, ಒಗೆಯುವ ಕಲ್ಲಿನ ಮೇಲೆ ಬಡಿದು ಮುಗಿಸಿದ್ದಳು.

ಒಣಗಿದ ಮೇಲೆ ನೋಡಿದರೆ ಆರಡಿಯ ಸೋಲ್ಜರ್ ನಾಲ್ಕೂವರೆ ಅಡಿಗೆ ಇಳಿದಿದ್ದ. ಬಟ್ಟೆ ಚಪ್ಪಲಿಯ ಅಟ್ಟೆಯಷ್ಟು ದಪ್ಪವಾಗಿತ್ತು. ಕೋಟನ್ನು ನೆಲದ ಮೇಲೆ ಇಟ್ಟರೆ ಒಳಗೆ ಯಾರೂ ಇಲ್ಲದೆಯೂ ನೆಟ್ಟಗೆ ನಿಂತುಕೊಳ್ಳುತ್ತಿತ್ತು.

ಅಪ್ಪ ಬಂದು ಅದರ ಸುತ್ತ ಒಂದು ಸುತ್ತು ಬಂದರು. ತಾಯಿಯನ್ನು ಏನೂ ಅನ್ನುವ ಹಾಗಿಲ್ಲ. ಅಮ್ಮನಿಗೆ ಹಾಕಿಸಿ ನೋಡಿದರೆ ಉದ್ದ ಸರಿಯಾಗಿತ್ತು, ತೋಳೂ ಸರಿಯಾಗಿತ್ತು. ಗುಂಡಿಗಳನ್ನು ಮಾತ್ರ ಉಸಿರು ಬಿಗಿಹಿಡಿದು ಹಾಕಬೇಕಿತ್ತು.

"ನೋಡು, ಟೈಲರ್ ಕೂಲಿ ಉಳೀತು" ಎಂದಳು ಅಜ್ಜಿ.

ಮಾಘ ಕಳೆದು ಬಿಸಿಲೇರತೊಡಗಿದ ಒಂದು ಭಾನುವಾರ ಬೆಳಿಗ್ಗೆ ನಾವು ಜಟಕಾದಲ್ಲಿ ಐಸ್ ಫ್ಯಾಕ್ಟರಿಗೆ ಹೊರಟೆವು. ಅಮ್ಮನನ್ನು ಮನೆಯಲ್ಲೇ ಪೂರ್ತಿ ಸಜ್ಜುಗೊಳಿಸಿದ್ದೆ. ಅಪ್ಪನ ಚಿತ್ರದಂತೆ ಒಂದೊಂದೇ ಪದರ, ಕಾಲಿಗೆ ಉಣ್ಣೆಯ ಕಾಲುಚೀಲ, ಅಪ್ಪನ ಕ್ಯಾನ್ವಾಸ್ ಶೂಸು, ತಲೆಗೆ ಕಿವಿ ಮುಚ್ಚುವ ಟೋಪಿ. ಜಟಕಾದವನು ಅಮ್ಮನನ್ನು ನೋಡಿ ಅಪ್ಪನನ್ನು ಕೇಳಿದ: "ಯಾವ ಆಸ್ಪತ್ರೆಗೆ ಸ್ವಾಮಿ?"

ಡಾಕ್ಟರು ಮೊದಲೇ ಬಂದು ಸೈಕಲ್ ನಿಲ್ಲಿಸಿಕೊಂಡಿದ್ದರು. ಮೇಸ್ತ್ರಿ ದಪ್ಪ ಬಾಗಿಲು ಎಳೆದು ತೆಗೆದ. ಒಳಗಿನಿಂದ ಬಿಳಿ ಹೊಗೆಯಂಥ ಥಂಡಿ ಕಾಲಿನ ಮೇಲೆ ಹರಿಯಿತು. ಮಂದ ಬಲ್ಬಿನ ಬೆಳಕಿನಲ್ಲಿ ಗೋಣಿತಾಟು ಹೊದ್ದ ಐಸ್ ಗಡ್ಡೆಗಳು ಸಾಲಾಗಿ ಮಲಗಿದ್ದವು. ನಡುವೆ ಒಂದು ಸ್ಟೂಲು. ಅಮ್ಮ ಹೋಗಿ ಕೂತಳು. ವಾಷರುಗಳು ಕಿಣಿಕಿಣಿ ಎಂದವು.

ಅಜ್ಜಿ ತನ್ನ ಕಂಬಳಿ ಹೊದ್ದು ಬಾಗಿಲ ಬಳಿ ನಿಂತಳು. "ಇದೇನಪ್ಪ, ದುಡ್ಡು ಕೊಟ್ಟು ಚಳಿ ಮಾಡ್ತೀರಲ್ಲ ನೀವು!"

ಮೇಸ್ತ್ರಿ ನಕ್ಕ. "ಸೋಡಾ ಅಂಗಡಿಯೋರು ಕೇಳ್ತಾರಲ್ಲಜ್ಜಿ."

ಅಪ್ಪ ಅರ್ಧತೋಳಿನ ಶರ್ಟಿನಲ್ಲೇ ಗಡಿಯಾರ ಹಿಡಿದು ಅಮ್ಮನ ಮುಂದೆ ನಿಂತಿದ್ದರು. ಗಳಿಗೆಗೊಮ್ಮೆ, "ಹೇಗಿದೆ?" "ಈಗ ಹೇಗಿದೆ?" ಅಮ್ಮ ಪ್ರತಿ ಸಲ ತಲೆಯಾಡಿಸುತ್ತಿದ್ದಳು. ಬಹಳ ಹೊತ್ತಾದ ಮೇಲೆ ಡಾಕ್ಟರು ಸ್ಟೆತಸ್ಕೋಪ್ ತೆಗೆದು ಅಮ್ಮನ ಬೆನ್ನಿಗೆ ಇಟ್ಟರು. ಆ ಕಡೆ ಇಟ್ಟರು, ಈ ಕಡೆ ಇಟ್ಟರು. ಕೋಟಿನ ಮೇಲೆ ಬೆರಳಿನಿಂದ ತಟ್ಟಿ ನೋಡಿದರು. "ಇದರೊಳಗೆ ನೀವು ಎಲ್ಲಿದೀರಮ್ಮಾ? ಏನೂ ಕೇಳಿಸ್ತಾ ಇಲ್ಲ."

ಹೊರಗೆ ಹೋಗಿ ನೋಡೋಣ ಎಂದಾಯಿತು. ಎಡವಟ್ಟಾದದ್ದು ಅಲ್ಲಿ.

ಬಾಗಿಲಾಚೆ ಬಿಸಿಲು ಚುರುಗುಡುತ್ತಿತ್ತು. ಅಮ್ಮನ ಮುಖ ಆಗಲೇ ಕೆಂಪೇರಿತ್ತು. ಒಳಗೆ ಕೂತಿದ್ದಷ್ಟು ಹೊತ್ತೂ ಆಕೆಗೆ ಚಳಿಯೇ ಆಗಿರಲಿಲ್ಲ. ಪದರಗಳ ಒಳಗೆ ಬೆವರಿ ತೊಪ್ಪೆಯಾಗಿದ್ದಳು. ಕೋಟಿನ ಬಿಗಿದ ಗುಂಡಿಗಳನ್ನು ನಾನೂ ಅಪ್ಪನೂ ಸೇರಿ ಬಿಚ್ಚಿದೆವು. ಸ್ವೆಟರನ್ನು ತಲೆಯ ಮೇಲಿನಿಂದ ಎಳೆಯಬೇಕು, ಟೋಪಿ ಅಡ್ಡ ಬಂತು, ಕುತ್ತಿಗೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ತೆರೆದಿದ್ದ ಬಾಗಿಲಿನಿಂದ ಥಂಡಿ ಗಾಳಿ ಬೀಸಿ ಆ ಒದ್ದೆ ಬೆನ್ನಿಗೆ ಹೊಡೆಯಿತು. ಅಮ್ಮ ಕೆಮ್ಮಿದಳು. ಮತ್ತೆ ಕೆಮ್ಮಿದಳು. ಆಮೇಲೆ ನಮಗೆಲ್ಲ ಪರಿಚಯವಿದ್ದ ಆ ಸದ್ದು, ಸುಯ್ ಎಂದು, ಸ್ಟೆತಸ್ಕೋಪಿನ ಅಗತ್ಯವೇ ಇಲ್ಲದೆ ಕೇಳಿಸಿತು.

ಡಾಕ್ಟರು ಜೇಬಿನಿಂದ ತೆಗೆದಿದ್ದ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು. "ಬೇಡಮ್ಮ" ಎಂದರು ಮೆಲ್ಲಗೆ. "ಬೇಜಾರು ಮಾಡ್ಕೋಬೇಡಿ."

ವಾಪಸು ಬರುವಾಗ ಜಟಕಾದಲ್ಲಿ ಅಪ್ಪ, "ಬೇಗ ಬಂದುಬಿಡ್ತೀನಿ ನಾನು" ಎಂದರು. ಅಮ್ಮ ಹೊರಗೆ ನೋಡುತ್ತಿದ್ದಳು.

ಮನೆಗೆ ಬಂದು ಬಿಸಿ ಕಷಾಯ ಕುಡಿದ ಮೇಲೆ ಉಬ್ಬಸ ಇಳಿಯಿತು. ಅಮ್ಮ ಆ ಬಟ್ಟೆಗಳನ್ನೆಲ್ಲ ಹಿತ್ತಲ ಹಗ್ಗಕ್ಕೆ ಒಂದೊಂದಾಗಿ ಹರವಿದಳು. ಹರವಿ, ಸೊಂಟದ ಮೇಲೆ ಕೈಯಿಟ್ಟು, ಅವನ್ನೇ ನೋಡುತ್ತ ನಿಂತಳು. ನಾನು ಹೋಗಿ ಕರೆದೆ. ಆಕೆ ತಿರುಗದೆಯೇ ಹೇಳಿದಳು: "ಮುಂದಿನ ಭಾನುವಾರ ಇನ್ನೊಂದ್ಸಲ ಹೋಗೋಣ. ಈ ಸಲ ನನಗೆ ಯಾರೂ ಏನೂ ತೊಡಿಸಬೇಡಿ."

ಅಪ್ಪ ಬಾಗಿಲಿಗೆ ಬಂದಿದ್ದರು. "ಡಾಕ್ಟರು ಆಗಲೇ ಹೇಳಿಬಿಟ್ರಲ್ಲೇ."

"ಡಾಕ್ಟರು ಕೋಟನ್ನ ಪರೀಕ್ಷೆ ಮಾಡಿದ್ರು. ನನ್ನನ್ನಲ್ಲ."

ಆ ವಾರ ನಾನು ಅಮ್ಮನನ್ನು ಮೊದಲ ಬಾರಿಗೆ ಸರಿಯಾಗಿ ಗಮನಿಸಿದೆ ಅನ್ನಬೇಕು. ಅಡಿಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ಆಕೆಯ ಶಾಲು ಸದಾ ತೂಗುತ್ತಿತ್ತು. ಒಲೆಯ ಮುಂದಿನಿಂದ ಬಾವಿಗೆ ಹೋಗುವಾಗ ಕೈ ತಾನಾಗಿ ಅದನ್ನೆಳೆದು ಕುತ್ತಿಗೆಗೂ ಮೂಗಿಗೂ ಸುತ್ತುತ್ತಿತ್ತು. ಒಳಗೆ ಬರುತ್ತಲೇ ಒಂದು ಎಳೆತಕ್ಕೆ ಶಾಲು ಮತ್ತೆ ಮೊಳೆಗೆ. ದಿನಕ್ಕೆ ಎಷ್ಟು ಸಲವೋ. ಒಲೆಯ ಸೆಖೆ, ಹಿತ್ತಲ ಥಂಡಿ, ಮತ್ತೆ ಒಲೆಯ ಸೆಖೆ. ಅಜ್ಜಿ ಹೇಳಿದ ಬುದ್ಧಿ ನೆಟ್ಟಗಿಲ್ಲದ ಋತುವನ್ನು ಅಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ವರ್ಷಗಟ್ಟಲೆ ದಾಟುತ್ತಲೇ ಇದ್ದಳು.

ಮೊದಲು ಅವಳು ಉಣ್ಣೆ ಬನಿಯನ್ನನ್ನು ಅಪ್ಪನಿಗೆ ಕೊಟ್ಟಳು. "ಚುಚ್ಚುತ್ತೆ. ಮೈಗೆ ಹತ್ತಿಯೇ ಇರ್ಲಿ, ಬೆವರು ಕುಡಿಯುತ್ತೆ." ಆಮೇಲೆ ನನ್ನ ಸ್ವೆಟರ್ ಎತ್ತಿಕೊಂಡು ಬಂದಳು. "ಇದನ್ನ ಮುಂದೆ ಸೀಳಿ ಗುಂಡಿ ಇಟ್ಟುಕೊಡು."

"ಹೆಣೆದದ್ದನ್ನು ಸೀಳೋಕೆ ಆಗಲ್ಲಮ್ಮ. ಬಿಚ್ಚಿ ಮತ್ತೆ ಹೆಣೀಬೇಕು. ಎದೆ ಮುಚ್ಚಿರಬೇಕು ಅಂತಾನೇ ಹಾಗೆ ಮಾಡಿದ್ದು."

"ಎದೆ ಮುಚ್ಚೋದು ಯಾವಾಗ, ತೆಗೆಯೋದು ಯಾವಾಗ ಅಂತ ನನಗೆ ಗೊತ್ತಾಗುತ್ತೆ ಕಣೇ. ಒಂದು ಕೈಲಿ ತೆಗೆಯೋ ಹಾಗಿರಬೇಕು. ಇನ್ನೊಂದು ಕೈಲಿ ಹಡಗಿನ ಕಂಬಿ ಹಿಡ್ಕೊಂಡಿರ್ತೀನಿ."

ಹಡಗನ್ನೇ ನೋಡದ ಅಮ್ಮನಿಗೆ ಹಡಗಿನ ಕಂಬಿ ಹೇಗೆ ಗೊತ್ತಾಯಿತೋ. ಮನಸ್ಸಿನಲ್ಲಿ ಆಕೆ ಆಗಲೇ ಎಷ್ಟು ದೂರ ಹೋಗಿ ನಿಂತಿದ್ದಾಳೆಂದು ನನಗೆ ಹೊಳೆದದ್ದು ಆಗ. ನೂಲು ಬಿಚ್ಚಲು ಕೂತೆ. ಮುಂಭಾಗವನ್ನು ಎರಡು ಹೋಳಾಗಿ ಹೊಸದಾಗಿ ಹೆಣೆದು ದೊಡ್ಡ ಗುಂಡಿಗಳನ್ನಿಟ್ಟೆ, ಕಣ್ಣುಮುಚ್ಚಿಯೂ ಹಾಕುವಂಥವು.

ಮಳೆಗಾಳಿಗೆ ಮೇಲು ಹೊದಿಕೆ ಏನು ಎಂಬುದು ಉಳಿಯಿತು. ಆ ಕೋಟಂತೂ ಆಗುವುದಿಲ್ಲ. ಈ ತೊಡಕನ್ನು ಬಿಡಿಸಿದವಳು ಅಜ್ಜಿ. ಒಂದು ಸಂಜೆ ತನ್ನ ಕಂಬಳಿಯನ್ನು ತಂದು ಜಗಲಿಯ ಮೇಲೆ ಹರಡಿ, ಒಂದು ಮೂಲೆಯನ್ನು ಒಳಕ್ಕೆ ಮಡಿಸಿ, ಕೊಪ್ಪೆ ಮಾಡಿ ಅಮ್ಮನ ತಲೆಗೆ ಹಾಕಿದಳು. ಮಳೆಯಲ್ಲಿ ಹೊಲಕ್ಕೆ ಹೋಗುವವರು ಹಾಕಿಕೊಳ್ಳುತ್ತಾರಲ್ಲ, ತಲೆಯಿಂದ ಮೊಣಕಾಲಿನವರೆಗೆ ಇಳಿಯುವ ಕಂಬಳಿ ಕೊಪ್ಪೆ, ಅದೇ. ಮಳೆ ಬಂದರೆ ನೀರು ಜಾರಿಹೋಗುತ್ತದೆ. ಗಾಳಿಗೆ ಮುಂದಕ್ಕೆ ಎಳೆದುಕೊಳ್ಳಬಹುದು. ಬಿಸಿಲು ಬಂದರೆ ಹೆಗಲಿಗೆ ಎಸೆದುಕೊಂಡರಾಯಿತು.

"ಇದನ್ನೂ ಹಂಡೆಗೆ ಹಾಕಿ ಕೊಡ್ತೀಯಾ ಅಜ್ಜಿ?" ಎಂದೆ.

"ಕಂಬಳಿನ ಯಾರಾದ್ರೂ ಬಿಸಿನೀರಿಗೆ ಹಾಕ್ತಾರೇನೇ? ಕುಗ್ಗಿಹೋಗಲ್ವಾ? ಓದಿದೋಳಂತೆ!"

ಅಪ್ಪನಿಗೆ ಮಾತ್ರ ಸಂಕೋಚ. "ಹಡಗಿನಲ್ಲಿ ದೊಡ್ಡ ದೊಡ್ಡ ಜನ ಇರ್ತಾರೆ. ಕಂಬಳಿ ಕೊಪ್ಪೆ ಹಾಕ್ಕೊಂಡು ನಿಂತ್ರೆ ಏನಂದ್ಕೋತಾರೆ?"

"ಮಳೆ ಬರ್ತಾ ಇದೆ ಅಂದ್ಕೋತಾರೆ" ಎಂದಳು ಅಮ್ಮ.

ಡಾಕ್ಟರನ್ನು ಎರಡನೆಯ ಸಲ ಒಪ್ಪಿಸಲು ಅಮ್ಮ ತಾನೇ ಹೋದಳು. ಏನು ಹೇಳಿದಳೋ ಗೊತ್ತಿಲ್ಲ. ಭಾನುವಾರ ಅವರು ಮಫ್ಲರ್ ಸುತ್ತಿಕೊಂಡು ಬಂದಿದ್ದರು.

ಈ ಸಲ ಅಮ್ಮ ಜಟಕಾದಲ್ಲಿ ಬರೀ ಸೀರೆಯಲ್ಲಿ ಬಂದಳು. ಉಳಿದದ್ದೆಲ್ಲ ಒಂದು ಚೀಲದಲ್ಲಿತ್ತು. ಬಾಗಿಲ ಮುಂದೆ ನಿಂತು ಸ್ವೆಟರ್ ಹಾಕಿ, ಶಾಲು ಸುತ್ತಿ, ಕೊಪ್ಪೆ ಏರಿಸಿ ಒಳಗೆ ಹೋದಳು. ಸ್ಟೂಲಿನ ಮೇಲೆ ಕೂರಲಿಲ್ಲ.

"ಹಡಗಿನಲ್ಲಿ ಸುಮ್ನೆ ಕೂತಿರ್ತಾರಾ ಯಾರಾದ್ರೂ?" ಎಂದು ಐಸ್ ಗಡ್ಡೆಗಳ ಸಾಲಿನ ನಡುವೆ ಓಡಾಡತೊಡಗಿದಳು. ಆ ಗೋಡೆಯವರೆಗೆ ಹೋಗಿ, ಈ ಗೋಡೆಯವರೆಗೆ ಬಂದು. ಆಮೇಲೆ ಹೊರಗೆ. ಹೊರಗೆ ಕಾಲಿಡುವ ಮೊದಲೇ ಕೊಪ್ಪೆ ಹೆಗಲಿಗೆ ಜಾರಿತ್ತು, ಗುಂಡಿಗಳು ಬಿಚ್ಚಿದ್ದವು, ಬಿಸಿಲಿಗೆ ಬಂದಾಗ ಸ್ವೆಟರ್ ತೋಳಿನ ಮೇಲಿತ್ತು. ಶಾಲು ಮಾತ್ರ ಕುತ್ತಿಗೆಯಲ್ಲೇ. ಮೈ ಬೆಚ್ಚಗಾಗಲು ಬಿಟ್ಟು, ಬೆವರುವ ಮೊದಲೇ ಮತ್ತೆ ಒಳಗೆ. ಮತ್ತೆ ಹೊರಗೆ. ಮೇಸ್ತ್ರಿ ಬಾಗಿಲು ಎಳೆದು ಎಳೆದು ಸುಸ್ತಾದ.

"ಅಮ್ಮೋರೆ, ನನ್ನ ಐಸೆಲ್ಲ ಕರಗೋಗ್ತದೆ!"

"ಇನ್ನೆರಡು ಸಲ ಅಷ್ಟೇ ಕಣಪ್ಪ. ಮಳೆ ಬರೋದೊಂದು ಬಾಕಿ ಇದೆ."

ಮಳೆಯೂ ಆಯಿತು. ಅಜ್ಜಿ ಒಂದು ಚೆಂಬು ತಣ್ಣೀರನ್ನು ಹಿಂದುಮುಂದು ನೋಡದೆ ಕೊಪ್ಪೆಯ ಮೇಲೆ ಸುರಿದಳು. ನೀರು ಕಂಬಳಿಯಿಂದ ಜಾರಿ, ಹೆಚ್ಚುಕಡಿಮೆ ಪೂರ್ತಿಯಾಗಿ, ಪಕ್ಕದಲ್ಲಿ ಗಡಿಯಾರ ನೋಡುತ್ತಿದ್ದ ಅಪ್ಪನ ಕಾಲಿನ ಮೇಲೆ ಬಿತ್ತು.

ಡಾಕ್ಟರು ಅಮ್ಮನನ್ನು ಕೂರಿಸಿ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರು. ನಾವೆಲ್ಲ ಬಾಯಿ ಮುಚ್ಚಿಕೊಂಡು ನಿಂತೆವು. ಮೇಸ್ತ್ರಿಯೂ ಬಾಗಿಲು ಹಿಡಿದುಕೊಂಡು ಅಲುಗಾಡದೆ ನಿಂತ. ಉಸಿರೆಳೀರಿ. ಬಿಡಿ. ಎಳೀರಿ. ಡಾಕ್ಟರು ಕಣ್ಣು ಮುಚ್ಚಿದ್ದರು.

"ಆಕ್ಷೀ!"

ಎಲ್ಲರೂ ಬೆಚ್ಚಿದೆವು. ಸೀನಿದವರು ಅಪ್ಪ. ಅರ್ಧತೋಳಿನ ಶರ್ಟು, ಒದ್ದೆ ಕಾಲು, ನೀಲಿ ತುಟಿ. ಅಮ್ಮನ ಬಟ್ಟೆಗೆ ಡ್ರಾಯಿಂಗ್ ಬರೆದ ಮನುಷ್ಯ ತಮಗೊಂದು ಶಾಲನ್ನೂ ತಂದುಕೊಂಡಿರಲಿಲ್ಲ. ಇನ್ನೊಂದು ಸೀನು ಬಂತು, ಅದರ ಹಿಂದೆ ಮತ್ತೊಂದು.

ಡಾಕ್ಟರು ಕಣ್ಣು ತೆರೆದರು. "ಅಮ್ಮನ ಎದೆ ಚೊಕ್ಕವಾಗಿದೆ. ಯಜಮಾನರನ್ನ ಕಳಿಸಬಹುದೋ ಬೇಡವೋ ಅಂತ ಯೋಚನೆ ಈಗ."

"ಇವನನ್ನ ಬಿಟ್ಟು ಹೋಗಮ್ಮ ನೀನೊಬ್ಬಳೇ" ಎಂದಳು ಅಜ್ಜಿ. "ಇವನು ಚಿಕ್ಕೋನಿಂದ್ಲೂ ಹಿಂಗೇ, ನೆಗಡಿ ಮುಂಡೇದು."

ಮೇಸ್ತ್ರಿ ಬೆನ್ನು ಬಗ್ಗಿಸಿ ಕೊಟ್ಟ. ಅವನ ಬೆನ್ನಿನ ಮೇಲೇ ಕಾಗದವಿಟ್ಟು ಡಾಕ್ಟರು ಬರೆದು ರುಜು ಹಾಕಿದರು. ಅಮ್ಮ ಆ ಕಾಗದವನ್ನು ತೆಗೆದುಕೊಂಡು ಒಂದು ಸಲ ಓದಿದಳು, ಇಂಗ್ಲಿಷನ್ನು ಅಕ್ಷರ ಕೂಡಿಸಿಕೊಂಡು, ತುಟಿ ಅಲುಗಿಸುತ್ತ. ಆಮೇಲೆ ನಕ್ಕಳು. ಅಷ್ಟು ಬಾಯಿತುಂಬ ಅವಳು ನಕ್ಕಿದ್ದನ್ನು ನೋಡಿ ಅಜ್ಜಿಯೂ ನಕ್ಕಳು.

ಹಡಗಿಗೆ ಬಟ್ಟೆ ಜೋಡಿಸುವುದು ಹೇಗೆಂದು ನನ್ನನ್ನು ಯಾರಾದರೂ ಕೇಳಿದರೆ ಈಗಲೂ ಅಮ್ಮ ಅವತ್ತು ಮಧ್ಯಾಹ್ನ ಮಾಡಿದ್ದನ್ನೇ ಹೇಳುತ್ತೇನೆ. ನಾನು ಜೋಡಿಸಿದ್ದ ಪೆಟ್ಟಿಗೆ ಹಾಸ್ಟೆಲ್ಲಿನ ವಾರ್ಡನ್ ಮೆಚ್ಚುವ ಹಾಗಿತ್ತು. ಸೀರೆಗಳೆಲ್ಲ ಒಂದು ಕಡೆ, ಕುಪ್ಪಸಗಳೆಲ್ಲ ಒಂದು ಕಡೆ, ಉಣ್ಣೆಯದೆಲ್ಲ ತಳದಲ್ಲಿ. ಅಮ್ಮ ಅದನ್ನು ಬರಿದು ಮಾಡಿದಳು. ಸೀರೆ, ಅದರ ಕುಪ್ಪಸ, ಲಂಗ, ಕಾಲುಚೀಲ, ನಾಲ್ಕನ್ನೂ ಒಂದೇ ಗಂಟಾಗಿ ಸುತ್ತಿದಳು. ಚಳಿಯ ದಿನಕ್ಕೊಂದು ಗಂಟು, ಸೆಖೆಯ ದಿನಕ್ಕೊಂದು ಗಂಟು, ಎರಡೂ ಪಕ್ಕಪಕ್ಕ. ಅಲೆ ಜೋರಾದಾಗ ಪೆಟ್ಟಿಗೆಯಲ್ಲಿ ಹುಡುಕುತ್ತ ಕೂರಬಾರದು, ಕೈಗೆ ಸಿಕ್ಕಿದ ಒಂದು ಗಂಟಿನಲ್ಲೇ ಎಲ್ಲ ಇರಬೇಕು. ಸ್ವೆಟರು, ಶಾಲು, ಕಂಬಳಿ ಪೆಟ್ಟಿಗೆಗೇ ಹೋಗಲಿಲ್ಲ. ಅವು ಕೈಚೀಲದಲ್ಲಿ. ಅಂಚುಗಳು ಒಂದೇ ಗೆರೆಯಲ್ಲಿ ಇರಲಿಲ್ಲ. ನನ್ನ ಕೈ ಅವನ್ನು ಸರಿಮಾಡಲು ಹೋಯಿತು. ಅಮ್ಮ ಮೆಲ್ಲಗೆ ತಟ್ಟಿದಳು. "ಇರ್ಲಿ ಬಿಡೇ. ನನ್ನದು."

ಏಡನ್ನಿನಲ್ಲಿ ಸೆಖೆ, ಸೂಯೆಜ್ ದಾಟಿದ ಮಾರನೆಯ ದಿನವೇ ಚಳಿಗಾಳಿ, ಲಿವರ್‌ಪೂಲಿನಲ್ಲಿ ಇಳಿಯುವಾಗ ಆಲಿಕಲ್ಲು, ಇಳಿದ ಮೇಲೆ ಎಳೆಬಿಸಿಲು. ಇದನ್ನೆಲ್ಲ ಅಮ್ಮ ತಿರುಗಿ ಬಂದ ಮೇಲೆ ಅಡಿಗೆಮನೆಯಲ್ಲಿ ಕೂತು ತುಂಬ ದಿನ ಹೇಳಿದಳು. ಎದೆ ಕೂಗಿತೇ ಎಂದು ಡಾಕ್ಟರು ಕೇಳಿದರು. ಒಂದೇ ಸಲ, ಅದೂ ಯಾರೋ ಹೆಂಗಸಿನ ಸೆಂಟಿಗೆ ಎಂದಳು.

ಹೊರಡುವ ದಿನದ ಮುಂಚಿನ ಸಂಜೆ ಪೆಟ್ಟಿಗೆಯ ಬೀಗವನ್ನು ಅಮ್ಮನೇ ಹಾಕಿ, ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಪ್ಪ ಇನ್ನೂ ಮೂಗೊರೆಸುತ್ತ ಕುರ್ಚಿಯಲ್ಲಿ ಕೂತಿದ್ದರು.

"ನನ್ನ ಉಣ್ಣೆ ಬನಿಯನ್ ಒಳಗಿದೆ ತಾನೇ?"

"ಇದೆ."

"ಎಲ್ಲಿದೆ? ಯಾವ ಪದರದಲ್ಲಿ?"

"ನಿಮಗ್ಯಾಕ್ರೀ ಪದರ?" ಎಂದಳು ಅಮ್ಮ. "ಚಳಿ ಆದಾಗ ನನ್ನ ಕೇಳಿ, ಕೊಡ್ತೀನಿ."